ಕೊನೆಯ ಸ್ಥಾನದ ಹಾಡು, ಮೊದಲ ಸಿಗ್ನಲ್

ಇವತ್ತಿನ ಮಾತು ಶುರುವಾಗಿದ್ದು ಪುಣೆಯ ನಮ್ಮ ಆಫೀಸ್ ಪಾರ್ಟಿಯಲ್ಲಿ. ಯಾರೋ ಅಬ್ಬಾ ತಂಡದ 'ವಾಟರ್ಲೂ' ಹಾಕಿದರು. ನಲವತ್ತು ದಾಟಿದ ಮ್ಯಾನೇಜರ್‌ನಿಂದ ಹಿಡಿದು ಹೊಸದಾಗಿ ಸೇರಿದ ಹುಡುಗರವರೆಗೆ ಎಲ್ಲರೂ ಕುಣಿದರು. ಆಗ ನಮ್ಮ ಲಿಸ್ಬನ್ ಟೀಮಿನಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ನನ್ನ ಪಕ್ಕ ನಿಂತು, ಆ ರಾತ್ರಿ ನಮ್ಮ ಹಾಡು ಕೊನೆಗೆ ಬಂದಿತ್ತು, ಆದರೆ ಸರ್ಕಾರ ಉರುಳಿಸಿದ್ದು ನಮ್ಮದೇ ಹಾಡು ಅಂದರು. ನಾನು ತಮಾಷೆ ಅಂದುಕೊಂಡೆ. ಮನೆಗೆ ಬಂದು ಓದೋಕೆ ಕೂತರೆ ಬೆಳಗಿನ ಜಾವ ಮೂರು ಗಂಟೆ ಆಯ್ತು. ಓದುತ್ತಾ ಹೋದಂತೆ ಕಥೆ ಗೋವಾಕ್ಕೆ ಬಂತು, ಅಲ್ಲಿಂದ ನಮ್ಮ ಉತ್ತರ ಕನ್ನಡದ ಕಾಡಿಗೂ ಬಂತು. ಹಾಗಾಗಿ ಸ್ವಲ್ಪ ಸಮಾಧಾನದಿಂದ ಹೇಳ್ತೀನಿ.

1974ರ ಏಪ್ರಿಲ್ 6. ಇಂಗ್ಲೆಂಡಿನ ಸಮುದ್ರ ತೀರದ ಊರು ಬ್ರೈಟನ್. ಅಲ್ಲಿನ ಡೋಮ್ ಸಭಾಂಗಣದಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ. ಯೂರೋಪಿನ ಸಾರ್ವಜನಿಕ ಟೀವಿ ಸಂಸ್ಥೆಗಳ ಒಕ್ಕೂಟ 1956ರಿಂದ ನಡೆಸಿಕೊಂಡು ಬಂದಿರೋ ಸ್ಪರ್ಧೆ ಇದು. ದೇಶಕ್ಕೊಂದು ಹೊಸ ಹಾಡು, ಮೂರು ನಿಮಿಷ, ನೇರ ಪ್ರಸಾರ. ಆ ವರ್ಷ 17 ದೇಶಗಳು ಹಾಡಿದವು. ಫ್ರಾನ್ಸ್ ಕೊನೇ ಗಳಿಗೆಯಲ್ಲಿ ಹಿಂದೆ ಸರಿದಿತ್ತು, ಅಧ್ಯಕ್ಷ ಪಾಂಪಿಡು ನಾಲ್ಕು ದಿನ ಮುಂಚೆ ತೀರಿಕೊಂಡಿದ್ದರು. ಸ್ವೀಡನ್ನಿನ ಅಬ್ಬಾ ಹೊಳೆಯುವ ಬಟ್ಟೆ ಹಾಕಿಕೊಂಡು ಬಂತು, ಅವರ ಆರ್ಕೆಸ್ಟ್ರಾ ನಿರ್ದೇಶಕ ನೆಪೋಲಿಯನ್ ವೇಷದಲ್ಲಿ ಬಂದ. 24 ಪಾಯಿಂಟ್ ತಗೊಂಡು ಗೆದ್ದರು. ಅಬ್ಬಾ ಕಥೆ ನಿಮಗೆಲ್ಲ ಗೊತ್ತಿರೋದೇ, ಬಿಟ್ಟುಬಿಡೋಣ.

ಪೋರ್ಚುಗಲ್‌ನಿಂದ ಬಂದವರು ಪೌಲೊ ದಿ ಕಾರ್ವಾಲ್ಯೊ. ಹಾಡಿನ ಹೆಸರು 'ಇ ದೆಪೋಯಿಸ್ ದು ಅದೆಯುಸ್', ಅಂದರೆ 'ಮತ್ತೆ, ವಿದಾಯದ ನಂತರ'. ಸಾಹಿತ್ಯ ಜೋಸೆ ನೀಜ, ಸಂಗೀತ ಜೋಸೆ ಕಲ್ವಾರಿಯೊ. ಪ್ರೀತಿ ಮುರಿದು ಬಿದ್ದ ಮೇಲೆ ಒಬ್ಬ ಗಂಡಸು ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆಗಳು. ನಿಧಾನವಾಗಿ ಶುರುವಾಗಿ, ಆರ್ಕೆಸ್ಟ್ರಾ ಜೊತೆ ಮೇಲಕ್ಕೇರುವ ಪಕ್ಕಾ ಎಪ್ಪತ್ತರ ದಶಕದ ಬ್ಯಾಲೆಡ್. ರಾಜಕೀಯದ ಒಂದು ಪದವೂ ಇಲ್ಲ. ನನ್ನ ಕಿವಿಗೆ ಚೆನ್ನಾಗೇ ಇದೆ, ದನಿಯಂತೂ ಅದ್ಭುತ. ಆದರೆ ಆ ವರ್ಷದ ಪದ್ಧತಿ ಹೀಗಿತ್ತು: ಪ್ರತಿ ದೇಶಕ್ಕೂ ಹತ್ತು ಜನ ಜ್ಯೂರಿಗಳು, ಒಬ್ಬೊಬ್ಬರಿಗೆ ಒಂದೊಂದೇ ವೋಟು. ಹದಿನೇಳು ದೇಶ, ಒಟ್ಟು 170 ವೋಟು. ಪೋರ್ಚುಗಲ್‌ಗೆ ಬಂದಿದ್ದು 3. ನಾರ್ವೆ, ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್ ಜೊತೆ ಕೊನೆಯ ಸ್ಥಾನ ಹಂಚಿಕೊಂಡಿತು.

ಆ ರಾತ್ರಿಯ ಪಟ್ಟಿಯನ್ನು ಇನ್ನೊಂದು ಕಣ್ಣಲ್ಲಿ ನೋಡಿ. ಪೋರ್ಚುಗಲ್‌ನಲ್ಲಿ ಸರ್ವಾಧಿಕಾರ. ಸ್ಪೇನ್‌ನಲ್ಲಿ ಫ್ರಾಂಕೊ. ಮೊದಲ ಸಲ ಬಂದಿದ್ದ ಗ್ರೀಸ್‌ನಲ್ಲಿ ಸೇನಾಡಳಿತ. ಮೂರು ಸರ್ವಾಧಿಕಾರಗಳು ಬ್ರೈಟನ್‌ಗೆ ಹಾಡು ಕಳಿಸಿದ್ದವು. ಮುಂದಿನ ಇಪ್ಪತ್ತು ತಿಂಗಳಲ್ಲಿ ಮೂರಕ್ಕೂ ತೆರೆ ಬಿತ್ತು. ಪ್ರಜಾಪ್ರಭುತ್ವ ಇದ್ದ ಇಟಲಿಯದ್ದು ಬೇರೆಯೇ ಪಜೀತಿ. ಅವರ ಹಾಡಿನ ಹೆಸರು 'ಸಿ', ಅಂದರೆ 'ಹೌದು'. ಮುಂದಿನ ತಿಂಗಳು ವಿಚ್ಛೇದನ ಕಾನೂನಿನ ಬಗ್ಗೆ ಜನಮತಗಣನೆ ಇತ್ತು. 'ಹೌದು ಹೌದು' ಅಂತ ಟೀವಿಯಲ್ಲಿ ಹಾಡಿದರೆ ಪ್ರಚಾರ ಆಗುತ್ತೆ ಅಂತ ಇಟಲಿಯ ಸರ್ಕಾರಿ ಟೀವಿ ತನ್ನದೇ ಗಾಯಕಿ ಎರಡನೇ ಸ್ಥಾನ ಪಡೆದ ಸ್ಪರ್ಧೆಯನ್ನು ಆ ರಾತ್ರಿ ತೋರಿಸಲೇ ಇಲ್ಲ. ಬರೀ ಹಾಡು, ಬರೀ ಮನರಂಜನೆ ಅನ್ನೋರಿಗೆ ನಾನು ಈ ಒಂದು ಉದಾಹರಣೆ ಕೊಡ್ತೀನಿ.

ಈಗ ಪೋರ್ಚುಗಲ್‌ಗೆ ಬರೋಣ. 1926ರಲ್ಲಿ ಸೇನಾ ದಂಗೆ, 1932ರಲ್ಲಿ ಸಾಲಾಜಾರ್ ಪ್ರಧಾನಿ, 1933ರಲ್ಲಿ ಹೊಸ ಸಂವಿಧಾನ. 1968ರವರೆಗೂ ಅವನೇ. ಆಮೇಲೆ ಕಾಯಿಲೆ ಬಿದ್ದ, ಮಾರ್ಸೆಲೊ ಕೈತಾನೊ ಬಂದ. ಹೆಸರು ಬದಲಾಯ್ತು, ವ್ಯವಸ್ಥೆ ಅದೇ ಉಳಿಯಿತು. ಗುಪ್ತ ಪೊಲೀಸರಿಗೆ ಪೀಡೆ ಅಂತ ಹೆಸರು. ನಾನು ಸೃಷ್ಟಿಸಿದ ಶ್ಲೇಷೆ ಅಲ್ಲ, ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿದರೆ ಉಚ್ಚಾರಣೆ ಹೆಚ್ಚುಕಡಿಮೆ ಹಾಗೇ ಬರುತ್ತೆ. ಪತ್ರಿಕೆ, ನಾಟಕ, ಹಾಡು ಎಲ್ಲದರ ಮೇಲೆ ಸೆನ್ಸಾರಿನ ನೀಲಿ ಪೆನ್ಸಿಲ್ ಓಡಾಡುತ್ತಿತ್ತು.

1961ರಿಂದ ಯುದ್ಧ. ಮೊದಲು ಅಂಗೋಲಾ, 1963ರಲ್ಲಿ ಗಿನಿ, 1964ರಲ್ಲಿ ಮೊಜಾಂಬಿಕ್. ಅಲ್ಲಿನ ಜನ ಸ್ವಾತಂತ್ರ್ಯ ಕೇಳಿದರೆ, ಅವು ವಸಾಹತು ಅಲ್ಲವೇ ಅಲ್ಲ, ಕಡಲಾಚೆಯ ನಮ್ಮ ಪ್ರಾಂತ್ಯಗಳು ಅನ್ನೋದು ಲಿಸ್ಬನ್ನಿನ ವಾದ. ಕಡ್ಡಾಯ ಸೈನ್ಯ ಸೇವೆ, ಸುಮಾರು ಎರಡು ವರ್ಷ ಆಫ್ರಿಕಾದ ಕಾಡಲ್ಲಿ. ತಪ್ಪಿಸಿಕೊಳ್ಳೋಕೆ ಸಾವಿರಾರು ಹುಡುಗರು ರಾತ್ರೋರಾತ್ರಿ ಗಡಿ ದಾಟಿ ಫ್ರಾನ್ಸಿಗೆ ಹೋದರು. ಹದಿಮೂರು ವರ್ಷದಲ್ಲಿ 8 ಸಾವಿರಕ್ಕೂ ಹೆಚ್ಚು ಪೋರ್ಚುಗೀಸ್ ಸೈನಿಕರು ಸತ್ತರು. ಆಫ್ರಿಕಾದ ಕಡೆ ಸತ್ತವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಇಲ್ಲಿ ಗೋವಾ ಬರುತ್ತೆ. ಪುಣೆ, ಮುಂಬೈಯಲ್ಲಿರೋ ನಮಗೆ ಗೋವಾ ಅಂದ್ರೆ ಲಾಂಗ್ ವೀಕೆಂಡ್. 1961ರ ನವೆಂಬರ್‌ನಲ್ಲಿ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಿಂದ ಪೋರ್ಚುಗೀಸರು ಭಾರತದ ಹಡಗಿನ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 17ರ ರಾತ್ರಿ ನಮ್ಮ ಸೈನ್ಯ ಮುನ್ನುಗ್ಗಿತು, 19ಕ್ಕೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾದ. ಕೊನೆಯ ಮನುಷ್ಯ ಇರುವವರೆಗೂ ಹೋರಾಡಿ, ಶರಣಾಗತಿ ಇಲ್ಲ ಅನ್ನೋದು ಸಾಲಾಜಾರ್‌ನ ಆದೇಶವಾಗಿತ್ತು. ಮೂರು ಸಾವಿರ ಚಿಲ್ಲರೆ ಸೈನಿಕರು, ಹಳೇ ಬಂದೂಕು, ಯುದ್ಧ ವಿಮಾನವೇ ಇಲ್ಲ. ಗವರ್ನರ್ ಆ ಆದೇಶ ಪಾಲಿಸಲಿಲ್ಲ, ಅದಕ್ಕೇ ಅಷ್ಟು ಜನ ಬದುಕುಳಿದರು. ಊರಿಗೆ ಮರಳಿದ ಮೇಲೆ ಅವನನ್ನು ಸೈನ್ಯದಿಂದ ಕಿತ್ತು ಹಾಕಿದರು, ಸೆರೆಯಿಂದ ಬಂದ ಸೈನಿಕರನ್ನು ಹೇಡಿಗಳಂತೆ ನಡೆಸಿಕೊಂಡರು. ತಪ್ಪು ನಿರ್ಧಾರ ಮೇಲಿನವರದ್ದು, ಅವಮಾನ ಕೆಳಗಿನವರಿಗೆ. ಪೋರ್ಚುಗಲ್‌ನ ಸೇನಾಧಿಕಾರಿಗಳು ಇದನ್ನು ಮರೆಯಲಿಲ್ಲ. ಆಫ್ರಿಕಾದಲ್ಲೂ ಇವರು ಸೋತು, ಕೊನೆಗೆ ಗೋವಾದ ಹಾಗೆ ನಮ್ಮ ತಲೆಗೇ ಕಟ್ಟುತ್ತಾರೆ ಅನ್ನೋ ಭಯ ಅವರಲ್ಲಿ ಗಟ್ಟಿಯಾಗಿ ಕೂತಿತ್ತು.

ಇದೇ ಒಂದು ಕಾರಣ ಅಲ್ಲ. ನಿಜವಾದ ಕಿಡಿ ಹೊತ್ತಿದ್ದು ಎಲ್ಲಿ ಗೊತ್ತಾ? ಪ್ರಮೋಷನ್ ಪಾಲಿಸಿಯಲ್ಲಿ! ಯುದ್ಧಕ್ಕೆ ಅಧಿಕಾರಿಗಳು ಸಾಲುತ್ತಿರಲಿಲ್ಲ. 1973ರ ಜುಲೈನಲ್ಲಿ ಸರ್ಕಾರ ಒಂದು ಆದೇಶ ತಂತು. ಕಡ್ಡಾಯ ಸೇವೆಗೆ ಬಂದವರು ಒಂದು ಚಿಕ್ಕ ಕೋರ್ಸ್ ಮುಗಿಸಿದರೆ ಖಾಯಂ ಅಧಿಕಾರಿ ಆಗಬಹುದು, ಹಳೇ ಸೇವೆಯ ಸೀನಿಯಾರಿಟಿಯೂ ಲೆಕ್ಕಕ್ಕೆ ಬರುತ್ತೆ ಅಂತ. ಮಿಲಿಟರಿ ಅಕಾಡೆಮಿಯಲ್ಲಿ ವರ್ಷಗಟ್ಟಲೆ ಬೆವರು ಹರಿಸಿ, ಆಫ್ರಿಕಾಕ್ಕೆ ಮೂರ್ಮೂರು ಸಲ ಹೋಗಿ ಬಂದ ಕ್ಯಾಪ್ಟನ್‌ಗಳಿಗೆ ಹೊಟ್ಟೆ ಉರಿಯಿತು. ಲ್ಯಾಟರಲ್ ಹೈರಿಂಗ್ ನೋಡಿರೋ ನಮಗೆ ಈ ಹೊಟ್ಟೆ ಉರಿ ಚೆನ್ನಾಗೇ ಅರ್ಥ ಆಗುತ್ತೆ. ಸೆಪ್ಟೆಂಬರ್ 9ರಂದು ಎವೊರಾ ಊರಿನ ಹತ್ತಿರ ಒಂದು ತೋಟದಲ್ಲಿ ನೂರಕ್ಕೂ ಹೆಚ್ಚು ಅಧಿಕಾರಿಗಳು ಗುಟ್ಟಾಗಿ ಸೇರಿದರು. ಮಾತು ಶುರುವಾಗಿದ್ದು ಸೀನಿಯಾರಿಟಿಯಿಂದ. ಕೆಲವೇ ತಿಂಗಳಲ್ಲಿ ಅದು ಯುದ್ಧ ಯಾಕೆ, ಈ ಸರ್ಕಾರ ಯಾಕೆ ಅನ್ನೋ ಪ್ರಶ್ನೆ ಆಯ್ತು. ಸರ್ಕಾರ ಆದೇಶ ಹಿಂದೆ ತಗೊಂಡಿತು, ಆದರೆ ಅಷ್ಟೊತ್ತಿಗೆ ತಡವಾಗಿತ್ತು. ಸಣ್ಣ ಸ್ವಾರ್ಥದಿಂದ ಶುರುವಾದ ಸಭೆ ಅಂತ ಕೆಲವು ಇತಿಹಾಸಕಾರರು ಸ್ವಲ್ಪ ಮೂಗು ಮುರೀತಾರೆ. ನನಗೇನೋ ಅದು ಕೊರತೆ ಅನ್ನಿಸಲಿಲ್ಲ. ಸಂಬಳ, ಬಡ್ತಿ ವಿಷಯಕ್ಕೆ ಒಟ್ಟಿಗೆ ಕೂತವರೇ ಒಬ್ಬರನ್ನೊಬ್ಬರು ನಂಬೋದನ್ನ ಕಲಿತರು.

1974ರ ಮಾರ್ಚ್ 16ಕ್ಕೆ ಮೊದಲ ಪ್ರಯತ್ನ ನಡೀತು, ಪೂರ್ತಿ ಫೇಲ್. ಕಾಲ್ದಸ್ ದ ರೈನ್ಯ ಅನ್ನೋ ಊರಿನ ರೆಜಿಮೆಂಟ್ ಒಂದೇ ಲಿಸ್ಬನ್ ಕಡೆ ಹೊರಟಿತು, ಬೇರೆಯವರು ಹೊರಡಲೇ ಇಲ್ಲ. ದಾರಿಯಿಂದ ವಾಪಸ್ ಬಂದರು, ಸುಮಾರು ಇನ್ನೂರು ಜನ ಅರೆಸ್ಟ್. ಧೈರ್ಯಕ್ಕೆ ಕೊರತೆ ಇರಲಿಲ್ಲ, ಸಿಂಕ್ರೊನೈಸೇಷನ್ ಇರಲಿಲ್ಲ ಅಷ್ಟೇ. ದೇಶದ ಹತ್ತಾರು ಕಡೆ ಹಂಚಿಹೋದ ತುಕಡಿಗಳು, ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಡಬೇಕು. ಫೋನ್ ಮಾಡಿದರೆ ಪೀಡೆ ಕೇಳಿಸಿಕೊಳ್ಳುತ್ತೆ. ಒಬ್ಬ ಹೋದ, ಇನ್ನೊಬ್ಬ ಬರಲಿಲ್ಲ ಅಂದರೆ ಹೋದವನು ಜೈಲಿಗೆ.

ಮುಂದಿನ ಪ್ಲಾನ್ ಬರೆದವನು ಮೇಜರ್ ಒತೆಲೊ ಸರೈವಾ ದಿ ಕಾರ್ವಾಲ್ಯೊ. ಗಾಯಕನಿಗೂ ಇವನಿಗೂ ಅಡ್ಡಹೆಸರು ಮಾತ್ರ ಒಂದೇ. ಅವನು ಕಂಡುಕೊಂಡ ದಾರಿ ರೇಡಿಯೋ. ಎಲ್ಲರ ಹತ್ತಿರವೂ ಇರೋದು, ಕೇಳಿದರೆ ಯಾರೂ ಅನುಮಾನ ಪಡದಿರೋದು, ಒಂದೇ ಕ್ಷಣಕ್ಕೆ ಎಲ್ಲರಿಗೂ ತಲುಪೋದು. ಸಂದೇಶ ಒಂದು ಹಾಡು. ಯಾವ ಹಾಡು?

ಒತೆಲೊ ಮನಸ್ಸಿನಲ್ಲಿ ಇದ್ದಿದ್ದು ಜೋಸೆ ಅಫೋನ್ಸು ಹಾಡು. ಎಲ್ಲರೂ ಪ್ರೀತಿಯಿಂದ ಜೆಕಾ ಅಂತಿದ್ದ ಪ್ರತಿಭಟನೆಯ ಹಾಡುಗಾರ. ಆದರೆ ರೇಡಿಯೋ ನಿರೂಪಕ ಜೊಆವ್ ಪೌಲೊ ದಿನೀಸ್ ಬೇಡ ಅಂದ. ಇದ್ದಕ್ಕಿದ್ದಂತೆ ಜೆಕಾ ಹಾಡು ಹಾಕಿದರೆ ಪೊಲೀಸರ ಕಿವಿ ನೆಟ್ಟಗಾಗುತ್ತೆ. ಅದರ ಬದಲು ಪೌಲೊ ದಿ ಕಾರ್ವಾಲ್ಯೊ ಹಾಡು ಇರಲಿ ಅಂದ. ಯಾಕಂದ್ರೆ ಆ ಹಾಡು ಮಾರ್ಚ್‌ನಲ್ಲಿ ದೇಶದ ಸ್ಪರ್ಧೆ ಗೆದ್ದಿತ್ತು, ಯೂರೋವಿಷನ್‌ಗೆ ಹೋಗಿ ಬಂದು ಮೂರು ವಾರವೂ ಆಗಿರಲಿಲ್ಲ, ದಿನಾ ರೇಡಿಯೋದಲ್ಲಿ ಬರುತ್ತಿತ್ತು. ಬ್ರೈಟನ್‌ನಲ್ಲಿ ಸೋತ ಪ್ರೇಮಗೀತೆಯ ಮೇಲೆ ಯಾರಿಗೆ ಅನುಮಾನ? ಸೆನ್ಸಾರ್ ಪಾಸ್ ಮಾಡಿದ್ದು, ಸರ್ಕಾರಿ ಟೀವಿಯೇ ವಿದೇಶಕ್ಕೆ ಕಳಿಸಿದ್ದು. ಅದರ ನಿರುಪದ್ರವವೇ ಅದರ ಯೋಗ್ಯತೆ. ಸೆಕ್ಯೂರಿಟಿ ಓದಿದವರಿಗೆ ಇದರ ಹೆಸರು ಗೊತ್ತು, ಸ್ಟೆಗನೋಗ್ರಫಿ. ಸಂದೇಶವನ್ನ ಗೂಢಲಿಪಿಯಲ್ಲಿ ಬರೆಯೋದಲ್ಲ, ಸಂದೇಶ ಅಲ್ಲೊಂದಿದೆ ಅನ್ನೋದನ್ನೇ ಮುಚ್ಚಿಡೋದು.

ಒಂದು ತೊಂದರೆ ಇತ್ತು. ದಿನೀಸ್ ಕೆಲಸ ಮಾಡುತ್ತಿದ್ದ ಸ್ಟೇಷನ್ನಿನ ಪ್ರಸಾರ ಲಿಸ್ಬನ್ ಸುತ್ತಮುತ್ತ ಮಾತ್ರ ಕೇಳಿಸುತ್ತಿತ್ತು. ಹಾಗಾಗಿ ಎರಡನೇ ಸಿಗ್ನಲ್ ಬೇಕಾಯ್ತು, ದೇಶವಿಡೀ ತಲುಪುವ ರೇಡಿಯೋ ರೆನಸೆನ್ಸಾದಲ್ಲಿ. ಅದು ಕ್ಯಾಥೊಲಿಕ್ ಚರ್ಚಿನ ರೇಡಿಯೋ! ಅಲ್ಲಿಗೆ ಜೆಕಾ ಹಾಡೇ ಆಯ್ಕೆಯಾಯಿತು, 'ಗ್ರಾಂಡೊಲಾ ವಿಲಾ ಮೊರೇನಾ'. ಗ್ರಾಂಡೊಲಾ ಅನ್ನೋದು ದಕ್ಷಿಣದ ಬಡ ಬಯಲುಸೀಮೆಯ ಒಂದು ಊರು. ಅಲ್ಲಿನ ಕಾರ್ಮಿಕರ ಸಂಗೀತ ಸಂಘದಲ್ಲಿ 1964ರಲ್ಲಿ ಹಾಡಿ ಬಂದ ನೆನಪಿಗೆ ಜೆಕಾ ಬರೆದದ್ದು. ಅವನ ಎಷ್ಟೋ ಹಾಡುಗಳಿಗೆ ನಿಷೇಧ ಇತ್ತು, ಇದಕ್ಕೆ ಇರಲಿಲ್ಲ. ಮಾರ್ಚ್ 29ರಂದು ಲಿಸ್ಬನ್ನಿನ ಕೊಲಿಸೆವು ಸಭಾಂಗಣದಲ್ಲಿ ಕಚೇರಿ ನಡೆದಾಗ ಸೆನ್ಸಾರ್ ಹಲವು ಹಾಡು ತಡೆದು ಇದೊಂದನ್ನು ಬಿಟ್ಟಿತ್ತು. ಇಡೀ ಸಭೆ ಎದ್ದು ನಿಂತು ಹಾಡಿತು. ಕೇಳುತ್ತಿದ್ದವರಲ್ಲಿ ಸಂಚಿನ ಅಧಿಕಾರಿಗಳೂ ಇದ್ದರು.

ಹೀಗೆ ಎರಡು ಹಾಡು. ಮೊದಲನೆಯದು ಬಂದರೆ ತಯಾರಾಗಿ, ಎಲ್ಲ ಯೋಜನೆಯಂತೆ ಇದೆ ಅಂತ. ಎರಡನೆಯದು ಬಂದರೆ ಹೊರಡಿ, ಇನ್ನು ವಾಪಸ್ ಇಲ್ಲ ಅಂತ. ಡೇಟಾಬೇಸ್ ಕ್ಲಾಸಿನ ಟೂ-ಫೇಸ್ ಕಮಿಟ್ ನೆನಪಾಯ್ತಾ? ನನಗೂ ಆಯ್ತು. ಆದರೆ ಅದರಲ್ಲಿ ಪ್ರತಿಯೊಬ್ಬರೂ ತಯಾರು ಅಂತ ಉತ್ತರ ಕಳಿಸಬೇಕು. ಇಲ್ಲಿ ಉತ್ತರಕ್ಕೆ ದಾರಿಯೇ ಇಲ್ಲ. ಹಾಡು ಹಾಕಿದವನಿಗೆ ಯಾರು ಕೇಳಿದರು ಗೊತ್ತಿಲ್ಲ, ಕೇಳಿದವನಿಗೆ ಪಕ್ಕದ ಊರಿನವನು ಹೊರಟನಾ ಗೊತ್ತಿಲ್ಲ. ಮಾರ್ಚ್ 16ರ ನಂತರ, ಹೋದವರು ಜೈಲಲ್ಲಿ ಇರೋವಾಗ, ಅಷ್ಟನ್ನೇ ನಂಬಿ ಬ್ಯಾರಕ್‌ನ ಗೇಟ್ ತೆರೆಯೋದು ಅಂದರೆ ಏನು ಅಂತ ಯೋಚಿಸಿ.

ಏಪ್ರಿಲ್ 24, ರಾತ್ರಿ 10 ಗಂಟೆ 55 ನಿಮಿಷ. ಹನ್ನೊಂದಕ್ಕೆ ಐದು ನಿಮಿಷ ಬಾಕಿ ಅಂತ ಸಮಯ ಹೇಳಿ, ಗಾಯಕನ ಹೆಸರು ಹೇಳಿ, ದಿನೀಸ್ ರೆಕಾರ್ಡ್ ಹಾಕಿದ. ಲಿಸ್ಬನ್ನಿನ ಎಷ್ಟೋ ಮನೆಗಳಲ್ಲಿ ಜನ ಊಟ ಮುಗಿಸಿ ಪಾತ್ರೆ ತೊಳೀತಾ ಕೇಳಿರಬೇಕು. ಹಾಡಿದ ಪೌಲೊಗೆ ತನ್ನ ದನಿ ಆ ರಾತ್ರಿ ಏನು ಕೆಲಸ ಮಾಡುತ್ತಿದೆ ಅನ್ನೋದು ಗೊತ್ತೇ ಇರಲಿಲ್ಲ. ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ರೆನಸೆನ್ಸಾದಲ್ಲಿ ಗ್ರಾಂಡೊಲಾ. ಆ ರೆಕಾರ್ಡ್ ಶುರುವಾಗೋದು ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಹಾಕುವ ಸದ್ದಿನಿಂದ.

ಮುಂದಿನದು ವೇಗವಾಗಿ ಹೇಳ್ತೀನಿ. ಸಾಂತರೆಂ ಊರಿನ ಅಶ್ವದಳ ಶಾಲೆಯಿಂದ 29 ವರ್ಷದ ಕ್ಯಾಪ್ಟನ್ ಸಲ್ಗೇರೊ ಮಾಯಾ ತನ್ನ ಹುಡುಗರನ್ನು ಕರಕೊಂಡು ಲಿಸ್ಬನ್‌ಗೆ ಬಂದ. ಬೆಳಗಿನ 4 ಗಂಟೆ 26 ನಿಮಿಷಕ್ಕೆ ರೇಡಿಯೋದಲ್ಲಿ ಮೊದಲ ಪ್ರಕಟಣೆ, ಜನ ಮನೆಯಲ್ಲೇ ಇರಿ ಅಂತ. ಜನ ಒಬ್ಬರೂ ಮನೆಯಲ್ಲಿ ಇರಲಿಲ್ಲ. ನದಿ ದಡದಲ್ಲಿ ಸರ್ಕಾರದ ಕಡೆಯ ಟ್ಯಾಂಕುಗಳು ಎದುರಾದವು. ಬ್ರಿಗೇಡಿಯರ್ ಗುಂಡು ಹಾರಿಸು ಅಂದ. ಕಿರಿಯ ಅಧಿಕಾರಿ ಆಗಲ್ಲ ಅಂದ. ಟ್ಯಾಂಕಿನೊಳಗಿದ್ದ ಕಾರ್ಪೊರಲ್‌ಗೇ ನೇರವಾಗಿ ಹೇಳಿದರೆ ಅವನು ಒಳಗಿಂದ ಬಾಗಿಲು ಹಾಕಿಕೊಂಡ. ರೆಸ್ಟೋರೆಂಟಿನಲ್ಲಿ ಕೆಲಸ ಮಾಡುತ್ತಿದ್ದ ಸೆಲೆಸ್ತ ಕೈರೊ ಅನ್ನೋ ಹೆಂಗಸು ಕೈತುಂಬ ಕಾರ್ನೇಷನ್ ಹೂ ಹಿಡಿದು ಮನೆಗೆ ಹೋಗುತ್ತಿದ್ದಳು. ವಾರ್ಷಿಕೋತ್ಸವಕ್ಕೆ ತಂದ ಹೂ, ರೆಸ್ಟೋರೆಂಟ್ ತೆರೆಯಲಿಲ್ಲ, ಮಾಲೀಕರು ಹಂಚಿಬಿಟ್ಟಿದ್ದರು. ಒಬ್ಬ ಸೈನಿಕ ಸಿಗರೇಟ್ ಇದ್ಯಾ ಅಂತ ಕೇಳಿದ. ಇವಳ ಹತ್ತಿರ ಸಿಗರೇಟ್ ಇರಲಿಲ್ಲ, ಹೂ ಕೊಟ್ಟಳು. ಅವನು ಬಂದೂಕಿನ ನಳಿಕೆಗೆ ಸಿಕ್ಕಿಸಿಕೊಂಡ. ಸಂಜೆಗೆ ಕೈತಾನೊ ಶರಣಾದ. ಒಂದೇ ದಿನ, ನಾಲ್ಕು ದಶಕದ ಆಡಳಿತ ಮುಗೀತು. ರಕ್ತವೇ ಹರಿಯಲಿಲ್ಲ ಅಂತ ಬರೆಯೋರಿದ್ದಾರೆ, ಅದು ತಪ್ಪು. ಪೀಡೆ ಕಚೇರಿಯ ಒಳಗಿಂದ ಜನರ ಮೇಲೆ ಗುಂಡು ಹಾರಿಸಿದರು, ನಾಲ್ವರು ಸತ್ತರು.

ಆಮೇಲೆ ಸಾಮ್ರಾಜ್ಯ ಬಿಚ್ಚಿಕೊಂಡಿತು. ಗಿನಿ-ಬಿಸಾವು 1974ರ ಸೆಪ್ಟೆಂಬರ್, ಮೊಜಾಂಬಿಕ್ 1975ರ ಜೂನ್, ಅಂಗೋಲಾ ನವೆಂಬರ್. ನಮ್ಮ ಕಡೆ ಏನಾಯ್ತು? 1961ರಲ್ಲೇ ಗೋವಾ ಭಾರತದ ಭಾಗ ಆಗಿದ್ದರೂ ಲಿಸ್ಬನ್ ಒಪ್ಪಿರಲಿಲ್ಲ, ಹದಿಮೂರು ವರ್ಷ ಕಾಗದದ ಮೇಲೆ ಅದು ಪೋರ್ಚುಗಲ್ಲೇ. 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಗೋವಾ, ದಮನ್, ದೀವ್, ದಾದ್ರಾ, ನಗರ್ ಹವೇಲಿಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಮಾನ್ಯ ಮಾಡಿತು. ವಸ್ಸಾಲೊ ಇ ಸಿಲ್ವಗೆ ಕಳೆದುಕೊಂಡ ಹುದ್ದೆ ಮರ್ಯಾದೆ ವಾಪಸ್ ಸಿಕ್ಕಿತು.

ರೇಡಿಯೋ ಅಂದಾಗ ಇನ್ನೊಂದು ನೆನಪಾಗುತ್ತೆ. ದೂಧ್‌ಸಾಗರ್ ಟ್ರೆಕ್‌ಗೆ ಹೋದವರು ಕ್ಯಾಸಲ್‌ರಾಕ್ ಸ್ಟೇಷನ್ನಲ್ಲಿ ಇಳಿದಿರ್ತೀರಿ. 1955ರಲ್ಲಿ ವಾಮನ್ ಸರ್ದೇಸಾಯಿ, ಲಿಬಿಯಾ ಲೋಬೊ ಅನ್ನೋ ಇಬ್ಬರು ಗೋವಾ ವಿಮೋಚನೆಗಾಗಿ ಒಂದು ಗುಪ್ತ ರೇಡಿಯೋ ಶುರು ಮಾಡಿದರು. ಮೊದಲು ಅಂಬೋಲಿ ಕಾಡಿನಲ್ಲಿ, ಆಮೇಲೆ ಕ್ಯಾಸಲ್‌ರಾಕ್ ಕಾಡಿನಲ್ಲಿ. ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ಪ್ರಸಾರ. ಆರು ವರ್ಷ ಜಿಗಣೆ, ಹಾವು, ಮಳೆ ನಡುವೆ ಸಾಲಾಜಾರ್ ಹೇಳಿದ್ದೆಲ್ಲ ಸುಳ್ಳು ಅಂತ ಗಡಿಯಾಚೆ ಹೇಳುತ್ತಾ ಕೂತಿದ್ದರು. ಆ ಸ್ಟೇಷನ್ನಲ್ಲಿ ನಾನು ಎರಡು ಸಲ ಚಹಾ ಕುಡಿದಿದ್ದೀನಿ, ಈ ವಿಷಯ ಗೊತ್ತೇ ಇರಲಿಲ್ಲ. ಅಲ್ಲೊಂದು ಫಲಕ ಇದ್ದಿದ್ದರೆ ನಾನು ಖಂಡಿತ ನೋಡ್ತಿದ್ದೆ ಅಂತ ಹೇಳೋಕೂ ಧೈರ್ಯ ಇಲ್ಲ, ಟ್ರೆಕ್ ಗುಂಪಿನಲ್ಲಿ ನಾವೆಲ್ಲ ಇಯರ್‌ಫೋನ್ ಹಾಕಿಕೊಂಡಿದ್ವಿ.

ಲಿಸ್ಬನ್ನಿನ ಸಹೋದ್ಯೋಗಿಯನ್ನು ಆಮೇಲೆ ಕೇಳಿದೆ, ಈಗ ನಿಮ್ಮೂರಲ್ಲಿ ಯಾವ ಹಾಡು ಜಾಸ್ತಿ ಹಾಡ್ತಾರೆ ಅಂತ. ಗ್ರಾಂಡೊಲಾ, ಅಂದರು ತಕ್ಷಣ. ಅದು ಮೆರವಣಿಗೆಯ ಹಾಡು, ಪ್ರತಿ ಏಪ್ರಿಲ್ 25ಕ್ಕೆ ಬೀದಿಯಲ್ಲಿ ಕೇಳಿಸುತ್ತೆ. ಮೊದಲನೆಯದನ್ನ? ಅದನ್ನ ಅಮ್ಮ ಅಡುಗೆ ಮನೆಯಲ್ಲಿ ಗುನುಗ್ತಾರೆ ಅಂದರು. ಅವರ ಅಪ್ಪ 1974ರ ಬೇಸಿಗೆಯಲ್ಲಿ ಗಿನಿಗೆ ಹೋಗಬೇಕಿತ್ತಂತೆ. ಕಿಟ್ ಕೊಟ್ಟಾಗಿತ್ತಂತೆ. ಹೋಗಲಿಲ್ಲ.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಅಬ್ಬಾ ಗೆದ್ದಿದ್ದರಿಂದ 1975ರ ಸ್ಪರ್ಧೆ ಸ್ಟಾಕ್‌ಹೋಮ್‌ನಲ್ಲಿ ನಡೀತು. ಸೆನ್ಸಾರ್ ಇಲ್ಲದ ಪೋರ್ಚುಗಲ್ ಮೊದಲ ಸಲ ಹಾಡು ಕಳಿಸಿತು. ಹೆಸರು 'ಮದ್ರುಗಾದ', ಅಂದರೆ 'ನಸುಕು'. ಹಾಡಿದವನು ದುವಾರ್ತೆ ಮೆಂದೆಸ್, ಏಪ್ರಿಲ್ 25ರ ಕ್ಯಾಪ್ಟನ್‌ಗಳಲ್ಲಿ ಒಬ್ಬ. ಈ ಸಲ ಯಾವ ಮುಚ್ಚುಮರೆಯೂ ಇಲ್ಲ, ನೇರವಾಗಿ ಕ್ರಾಂತಿಯ ಹಾಡೇ. 19 ದೇಶಗಳಲ್ಲಿ 16ನೇ ಸ್ಥಾನ ಬಂತು.